ಎಡಗಡೆ ಕೆಮ್ಮಿದ ಮನುಷ್ಯ

ನನ್ನ ಎಡಗಿವಿ ಹೋಗಿದೆ ಎಂದು ಮೊದಲು ಹೇಳಿದವನು ಡಾಕ್ಟರಲ್ಲ, ಬ್ಯಾಡಗಿಯ ಮೊಬೈಲ್ ಅಂಗಡಿಯವನು. ನಾನು ಅವನ ಜೊತೆ ಜಗಳ ತೆಗೆಯಲು ಹೋಗಿದ್ದೆ.

"ಹೋದ ವಾರ ಒಯ್ದೇನಿ, ಆಗಲೇ ಒಂದು ಕಡೆ ಸತ್ತ ಹೋಗೈತಿ. ಬ್ಯಾರೇದು ಕೊಡು," ಎಂದು ಇಯರ್‌ಫೋನನ್ನು ಅವನ ಮೇಜಿನ ಮೇಲೆ ಒಗೆದೆ.

ಅವನು ಅದನ್ನು ತನ್ನ ಫೋನಿಗೆ ಚುಚ್ಚಿ, ಎರಡೂ ಕಿವಿಗೆ ಇಟ್ಟುಕೊಂಡು ತಲೆದೂಗಿದ. "ಎರಡೂ ಕಡೆ ಬರಾಕತ್ತೈತಲ್ರೀ ಅಕ್ಕಾರ. ಮಸ್ತ್ ಬರಾಕತ್ತೈತಿ."

"ನಿನ್ನ ಕಿವ್ಯಾಗ ಬಂದು ನನಗೇನ ಮಾಡೂದೈತಿ? ನನ್ನ ಕಿವ್ಯಾಗ ಬರವಲ್ದು."

ಪಾಪ, ಹೊಸ ಪೊಟ್ಟಣ ಒಡೆದು ಕೊಟ್ಟ. ಹಾಕಿಕೊಂಡೆ. ಬಲಗಡೆ ಹಾಡು, ಎಡಗಡೆ ಏನೂ ಇಲ್ಲ. "ಇದೂ ಕೆಟ್ಟೈತಿ," ಎಂದೆ. ಇನ್ನೊಂದು ಒಡೆದ. ಅದೂ ಹಾಗೇ. ಆಗ ಅವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಮಾಲು ಚಲೋ ಐತಿ. ಕಿವಿ ಒಮ್ಮೆ ಯಾರಿಗರ ತೋರಸ್ರಿ."

"ಕೆಟ್ಟ ಮಾಲು ಮಾರಿ ಮಂದಿ ಕಿವಿ ಮ್ಯಾಲ ಹಾಕ್ತೀಯೇನು?" ಎಂದು ಅಂಗಡಿ ಹಾರಿಹೋಗುವಂತೆ ಬೈದು ಹೊರಬಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಈಗ ಇಯರ್‌ಫೋನ್ ಬೇಕಾದರೆ ಅವನ ಅಂಗಡಿಗೇ ಹೋಗುತ್ತೇನೆ, ಹೋದಾಗಲೆಲ್ಲ ಅವನು ನಗುತ್ತಾನೆ.

ನಾನು ಸುನಂದಾ. ಊರು ಮೋಟೆಬೆನ್ನೂರು. ಹದಿನೆಂಟು ವರ್ಷದಿಂದ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಒಣಮೆಣಸಿನಕಾಯಿ ಆರಿಸಿ ದರ್ಜೆ ಮಾಡುವ ಕೆಲಸ ಮಾಡುತ್ತಿದ್ದೇನೆ. ಆರಿಸುವುದು ಬರೀ ಕಣ್ಣಿನ ಕೆಲಸ ಎಂದು ಎಲ್ಲರೂ ತಿಳಿದಿರುತ್ತಾರೆ. ಬಣ್ಣ, ಸುಕ್ಕು, ಉದ್ದ, ಇವನ್ನೆಲ್ಲ ಕಣ್ಣು ನೋಡುತ್ತದೆ, ಖರೆ. ಕಾಯಿ ಒಳಗೆ ಆರಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಕಿವಿಯೇ ಹೇಳಬೇಕು. ಚೀಲದಿಂದ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ, ಆರಿದ ಕಾಯಿಯ ಬೀಜಗಳು ಗಲಗಲ ಎನ್ನುತ್ತವೆ. ತೇವ ಉಳಿದಿದ್ದರೆ ಒಳಗೇ ಅಂಟಿಕೊಂಡು ಸುಮ್ಮನಿರುತ್ತವೆ. ಬಲಗೈ ಯಾವಾಗಲೂ ಆರಿಸುತ್ತಿರುವುದರಿಂದ ನಾನು ಅಲ್ಲಾಡಿಸುವುದು ಎಡಗೈಯಲ್ಲಿ, ಕೇಳುವುದು ಎಡಗಿವಿಯಲ್ಲಿ. ಅಂಗಡಿಯಲ್ಲಿ ತೇವ ಅಳೆಯುವ ಮಷೀನೂ ಇದೆ. ನಮ್ಮ ಸಾವಕಾರರು ಅದನ್ನು ಕಪಾಟಿನಲ್ಲಿಟ್ಟು, "ನಮ್ಮ ಸುನಂದಕ್ಕನ ಮಷೀನಿಗೆ ಕರೆಂಟು ಬ್ಯಾಡ," ಎನ್ನುತ್ತಿದ್ದರು. ಆ ಮಾತಿನಿಂದ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಬರಬಾರದೇಕೆ?

ಇನ್ನು ಆ ಹಾಡುಗಳ ವಿಷಯ. ನನ್ನ ಅಕ್ಕನ ಮಗಳು ರೂಪಾ ನಮ್ಮ ಮನೆಯಲ್ಲಿದ್ದುಕೊಂಡು ಹಾವೇರಿಯ ಕಾಲೇಜಿಗೆ ಹೋಗುತ್ತಾಳೆ. ಅವಳೇ ನನ್ನ ಫೋನಿಗೆ ಒಂದು ರೆಕಾರ್ಡಿಂಗ್ ಹಾಕಿಕೊಟ್ಟಿದ್ದಳು. ತಾನೇ ಹಾಡು ಬರೆದು, ತಾನೇ ರಾಗ ಕಟ್ಟಿ, ಒಬ್ಬಳೇ ಪಿಯಾನೋ ಮುಂದೆ ಕೂತು ಹಾಡುವ ಒಬ್ಬ ಹೆಣ್ಣುಮಗಳ ಕಾರ್ಯಕ್ರಮ ಅದು. ಸಭೆಯಲ್ಲಿ ಹಾಡುವಾಗಲೇ ಹಿಡಿದದ್ದು. ತಬಲಾ ಇಲ್ಲ, ತಂಬೂರಿ ಇಲ್ಲ. ಪಿಯಾನೋ ಎಂಬುದನ್ನು ನಾನು ಈವರೆಗೂ ಕಣ್ಣಾರೆ ಕಂಡಿಲ್ಲ, ಭಜನೆಯ ಹಾರ್ಮೋನಿಯಂ ಪೇಟಿ ಮಾತ್ರ ಗೊತ್ತು. ಮೊದಲ ಸಲ ಕೇಳಿದಾಗ, ಇದೇನು ಯಾರೋ ನೀರಿನ ಕೊಡಗಳನ್ನು ತಟ್ಟಿದ ಹಾಗಿದೆಯಲ್ಲ ಎನಿಸಿತು. ಎರಡನೆಯ ಸಲ ಮೋಟೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಬಸ್ಸಿನಲ್ಲಿ ಕೇಳಿದೆ, ಇಳಿಯಬೇಕಾದಲ್ಲಿ ಇಳಿಯಲೇ ಇಲ್ಲ.

ಅವಳದು ನಮ್ಮ ಕಡೆಯದೇ ಮಾತು. ಹಾಡಿನ ನಡುವೆ ಮಂದಿಯ ಜೊತೆ ಹರಟುತ್ತಾಳೆ. ಒಮ್ಮೆ ಅವಳು ಕೂತ ಸ್ಟೂಲು ಕಿರ್ ಎನ್ನುತ್ತದೆ. "ಇದೂ ಹಾಡಾಕತ್ತೈತಿ, ಹಾಡ್ಲಿ ಬಿಡ್ರಿ," ಎನ್ನುತ್ತಾಳೆ, ಮಂದಿ ನಗುತ್ತಾರೆ. ಎರಡನೆಯ ಹಾಡಿನಲ್ಲಿ ಒಬ್ಬ ತಾಯಿ ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು, ನಮ್ಮ ಮಾತಿನ ಚಾಳೀಸನ್ನು, ಮನೆಯೆಲ್ಲ ಹುಡುಕುತ್ತಾಳೆ. ನಗಿಸುತ್ತ ನಗಿಸುತ್ತ ಕೊನೆಗೆ ಕಣ್ಣಲ್ಲಿ ನೀರು ತರಿಸುವ ಹಾಡು. ಸರಿಯಾಗಿ ಅಲ್ಲೇ, ಆಕೆ ದನಿ ಇಳಿಸಿದಾಗ, ಸಭೆಯ ಎಡ ತುದಿಯಲ್ಲಿ ಯಾರೋ ಒಬ್ಬ ಗಂಡಸು ಕೆಮ್ಮುತ್ತಾನೆ. ಮೂರು ಸಲ. ಪಕ್ಕದವರು ಯಾರೋ "ಶ್" ಎನ್ನುತ್ತಾರೆ. ಆಮೇಲೆ ನಾಲ್ಕನೆಯ ಕೆಮ್ಮು ಬರುತ್ತದೆ, ಬಾಯಿಗೆ ಪಂಜೆಯೋ ಟವೆಲ್ಲೋ ಒತ್ತಿಕೊಂಡು ಕೆಮ್ಮಿದ ಸಣ್ಣ ಕೆಮ್ಮು.

ಆ ಮನುಷ್ಯನನ್ನು ನಾನು ಎಷ್ಟು ಬೈದಿದ್ದೇನೋ! "ಯಾವನೋ ನಮ್ಮ ಬ್ಯಾಡಗಿ ಪ್ಯಾಟ್ಯಾಗಿಂದ ಎದ್ದು ಹೋದಾಂವನೇ ಇರಬೇಕು. ಮನ್ಯಾಗ ಕೆಮ್ಮಿ ಮುಗಿಸಿ ಹೋಗಾಕ ಏನಾಗಿತ್ತು?" ಅವನ ಕೆಮ್ಮನ್ನು ತೆಗೆದುಹಾಕಿ ಕೊಡು ಎಂದು ರೂಪಾಳಿಗೆ ಗಂಟುಬಿದ್ದಿದ್ದೆ. ಅದಕ್ಕೊಂದು ಆ್ಯಪ್ ಇದೆಯಂತೆ. "ಪರೀಕ್ಷಾ ಮುಗೀಲಿ ಚಿಗವ್ವ, ಮಾಡಿ ಕೊಡ್ತೇನಿ," ಎನ್ನುತ್ತಲೇ ಅವಳು ಎರಡು ಪರೀಕ್ಷೆ ಮುಗಿಸಿದಳು, ಮಾಡಿಕೊಡಲಿಲ್ಲ.

ಕಿವಿ ಹೋದದ್ದು ಸುಗ್ಗಿಯ ನಡುವೆ. ಒಂದು ಮುಂಜಾನೆ ಎದ್ದಾಗ ಎಡಗಿವಿ ಗಡುಸಾಗಿ ಮುಚ್ಚಿಕೊಂಡಿತ್ತು, ಒಳಗೆ ಕುಕ್ಕರ್ ಸೀಟಿ ಹಾಕುವುದಕ್ಕೆ ಮೊದಲು ಬರುವಂಥ ಸುಯ್ ಎಂಬ ಸಪ್ಪಳ. ತಲೆ ಒಂದಿಷ್ಟು ತಿರುಗಿ ನಿಂತಿತು. ನಮ್ಮತ್ತೆ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟರು. "ಘಾಟು ಹೊಕ್ಕೈತಿ, ಮತ್ತೇನಿಲ್ಲ."

ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಊರಿಗೆ ಊರೇ ಮೆಣಸಿನಕಾಯಿಯ ಧೂಳು ಕುಡಿಯುತ್ತಿರುತ್ತದೆ. ಕಣ್ಣು ಕೆಂಪಾದರೆ ಘಾಟು, ಮೂಗು ಸೋರಿದರೆ ಘಾಟು, ಎದೆ ಹಿಡಿದರೆ ಘಾಟು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅತ್ತ ಅಪ್ಪ ಕೂಡ ಘಾಟು ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಾನೆ. ಡಾಕ್ಟರಿಗೆ ತೋರಿಸಲು ಹೋದರೆ ನಗುತ್ತಾರೆ ಎಂದು ಯಾರೂ ಹೋಗುವುದಿಲ್ಲ. ಹದಿನೆಂಟು ವರ್ಷ ಘಾಟಿನಲ್ಲಿ ಕೂತವಳು ನಾನು, ನನಗೆ ಬುದ್ಧಿ ಬೇರೆ ಯಾರು ಹೇಳಬೇಕು? ಘಾಟಿಗೆ ಕಟ್ಟಿದ ಕಿವಿಯಾದರೂ ಒಳಗೇ ಇಟ್ಟ ಹಾಡು ಕೇಳಬೇಕಲ್ಲ ಎಂದು ಮೊಬೈಲ್ ಅಂಗಡಿಯವನನ್ನು ಬೈದು ಬಂದದ್ದು ಮೂರನೆಯ ದಿನ. ಅತ್ತೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ತಮ್ಮ ಅಂಗೈಗೆ ಬಿಟ್ಟು ಬಿಸಿ ನೋಡಿ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹನಿಯಾಗಿ ಬಿಟ್ಟರು. ನನಗೆ ಆಗ ನಲವತ್ತಾರು ವರ್ಷ. ಅಷ್ಟು ಮಮತೆಯಿಂದ ನನ್ನ ತಲೆಯನ್ನು ಯಾರೂ ಹಿಡಿದಿರಲಿಲ್ಲ, ಹಾಗಾಗಿ ಮತ್ತೂ ಐದು ದಿನ ಬಿಡಿಸಿಕೊಂಡೆ.

ಹತ್ತನೆಯ ದಿನ ಸಂಜೆ ನಮ್ಮೂರಿನ ಹೆದ್ದಾರಿಯನ್ನು ಅರ್ಧ ದಾಟಿದ್ದೆ. ಹಾರ್ನು ಕೇಳಿಸಿತು, ಯಾವ ಕಡೆಯಿಂದ ಎಂಬುದೇ ತಿಳಿಯಲಿಲ್ಲ. ಬಲಕ್ಕೆ ನೋಡಿದೆ, ರಸ್ತೆ ಖಾಲಿ. ಸರಿ ಎಂದು ಹೆಜ್ಜೆ ಇಟ್ಟೆ. ಎಡಗಡೆಯಿಂದ ಬಂದ ಲಾರಿ ನನ್ನ ಸೆರಗಿಗೆ ಗಾಳಿ ಬೀಸಿ ಹೋಯಿತು. ರಸ್ತೆಯ ಆಚೆ ನನ್ನ ಗಂಡ ನಿಂತಿದ್ದರು. ಅವರು ಸಾರಿಗೆ ಬಸ್ಸಿನ ಕಂಡಕ್ಟರ್, ಹೆಸರು ಮಹಾಂತೇಶ. ಜೀವಮಾನವಿಡೀ ಕೂಗಿ ಬದುಕಿದ ಆ ಮನುಷ್ಯ ಕೂಗುವುದನ್ನು ಬಿಟ್ಟು ಓಡಿ ಬಂದರು. ನನ್ನ ರಟ್ಟೆ ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ. ಬಾಗಿಲಲ್ಲಿ ನಿಂತು, "ನಾಳೆ ರಾಣೆಬೆನ್ನೂರಿಗೆ ಹೋಗೂದು. ಘಾಟು ಗೀಟು ಅಂದ್ರ ನೋಡು ಮತ್ತ," ಎಂದರು.

ರಾಣೆಬೆನ್ನೂರಿನ ಕಿವಿ ಡಾಕ್ಟರರ ಹೊರಕೋಣೆಯಲ್ಲಿ ಅಂದು ಮೂವತ್ತು ಮಂದಿ ಇದ್ದೆವು. ಅಲ್ಲಿ ಹೆಸರು ಹಿಡಿದು ಕೂಗಿದರೆ ಏಳುವವರು ಯಾರು? ಕಾಂಪೌಂಡರ್ ತಾಯಿ ಬುದ್ಧಿವಂತೆ, ಕೂಗುತ್ತಲೇ ಇರಲಿಲ್ಲ, ಬಂದು ಹೆಗಲು ತಟ್ಟುತ್ತಿದ್ದಳು. ಅವಳು ಬಾಗಿಲಲ್ಲಿ ಕಾಣಿಸಿದರೆ ಎಲ್ಲರೂ ತಮ್ಮ ತಮ್ಮ ಹೆಗಲು ನೋಡಿಕೊಳ್ಳುತ್ತಿದ್ದರು. ನನ್ನ ಎಡಕ್ಕೆ ಕೂತಿದ್ದ ಒಬ್ಬ ಅಜ್ಜ ಏನೋ ಕೇಳಿದರಂತೆ, ನಾನು ಉತ್ತರ ಕೊಡಲಿಲ್ಲವಂತೆ. ಎದ್ದು ಬಂದು ನನ್ನ ಬಲಕ್ಕೆ ಕೂತರು.

"ಎಡಗಡೆದು ಏನವಾ?"

"ಹೌದ್ರಿ ಅಜ್ಜಾರ."

"ನಂದು ಎರಡೂ. ಹಿಟ್ಟಿನ ಗಿರಣಿ ನಡಸ್ತಿದ್ದೆ. ನಿನಗ ಒಂದು ಮಾತು ಹೇಳ್ತೇನಿ ಕೇಳು. ಇನ್ಮ್ಯಾಲೆ ಮಂದಿ ನಿನಗ ಸೊಕ್ಕಿನಾಕಿ ಅಂತಾರ. ಕರದ್ರ ಓ ಅನ್ನೂದುಲ್ಲ ಅಂತಾರ. ಅನ್ಲಿ ಬಿಡು. ಒಬ್ಬೊಬ್ಬರಿಗೂ ಕಿವಿ ಕಥಿ ಹೇಳ್ಕೋತ ಕುಂತಿ ಅಂದ್ರ ಇದ್ದ ಕಿವೀನೂ ಬ್ಯಾಸರ ಆಗತೈತಿ."

ಆ ದಿನ ನನಗೆ ಸಿಕ್ಕ ಔಷಧಗಳಲ್ಲಿ ಅದೂ ಒಂದು.

ಕಿವಿ ಪರೀಕ್ಷೆಯ ಡಬ್ಬಿಯಂಥ ಕೋಣೆಯೊಳಗೆ ಕೂರಿಸಿದರು. ಗಾಜಿನ ಆಚೆ ಒಬ್ಬ ಹುಡುಗಿ, ನನ್ನ ಕೈಯಲ್ಲಿ ಒಂದು ಗುಂಡಿ. ಸಪ್ಪಳ ಕೇಳಿದರೆ ಒತ್ತಬೇಕು. ಬಲಗಿವಿಗೆ ಹಾಕಿದಾಗ ಟೀಂ ಟೀಂ ಎಂದಂತೆ ಒತ್ತಿದೆ. ಎಡಗಿವಿಗೆ ಹಾಕಿದ ಮೇಲೆ ಕಾದೆ, ಇನ್ನೂ ಕಾದೆ. ಆ ಹುಡುಗಿ ಗಾಜಿನ ಆಚೆ ಏನೇನೋ ತಿರುಗಿಸುತ್ತಲೇ ಇದ್ದಳು, ನನ್ನನ್ನು ನೋಡುವುದನ್ನು ಬಿಟ್ಟಿದ್ದಳು. ಕಡೆಗೆ ಸುಳ್ಳೇ ಎರಡು ಸಲ ಒತ್ತಿಬಿಟ್ಟೆ. ಪರೀಕ್ಷೆಯಲ್ಲಿ ಕಾಪಿ ಹೊಡೆದವಳ ಹಾಗೆ ಮೈಯೆಲ್ಲ ಬೆವರಿತು.

ಡಾಕ್ಟರ್ ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಹಾಳೆ ನೋಡಿ ಕನ್ನಡಕ ತೆಗೆದರು.

"ಎಷ್ಟ ದಿವಸಾತ್ರಿ?"

"ಇವತ್ತಿಗೆ ಹನ್ನೊಂದ್ರಿ."

"ಹನ್ನೊಂದು ದಿವಸ ಏನ್ ಮಾಡಿದ್ರಿ?"

"ಘಾಟು ಅನ್ಕೊಂಡೇವ್ರಿ."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಬ್ಯಾಡಗಿಯವರೆಲ್ಲ ಇದನ್ನೇ ಹೇಳ್ತೀರಿ," ಎಂದು ನಿಟ್ಟುಸಿರು ಬಿಟ್ಟರು. "ಇದಕ್ಕ ಮೊದಲಿನ ದಿವಸಗಳು ಭಾಳ ಮುಖ್ಯ ಇರ್ತಾವ. ಆಗಿದ್ದು ಆತು. ಈಗೂ ಪ್ರಯತ್ನ ಮಾಡೂಣು. ಪೂರ್ತಿ ಬರತೈತಿ ಅಂತ ಮಾತ್ರ ನಾ ಮಾತು ಕೊಡೂದುಲ್ಲ."

ಕಿವಿಯ ನರಕ್ಕೆ ಯಾಕೆ ಹೀಗಾಗುತ್ತದೆ ಎಂದು ಕೇಳಿದೆ. ಬಹಳ ಸಲ ಗೊತ್ತಾಗುವುದಿಲ್ಲ ಎಂದರು. ಎಣ್ಣೆ ಬಿಟ್ಟಿದ್ದಕ್ಕೆ ಆಯಿತೇ ಎಂದು ಗಂಡ ಕೇಳಿದರು. ಅದಕ್ಕಲ್ಲ ಎಂದರು. ಆ ಮಾತನ್ನು ನಾನು ಮನೆಗೆ ಬಂದು ಅತ್ತೆಗೆ ಮೂರು ಸಲ ಹೇಳಿದೆ. ಆದರೂ ಅವರು ಆ ಎಣ್ಣೆಯ ಬಟ್ಟಲನ್ನು ಮತ್ತೆ ಅಡುಗೆಮನೆಯಲ್ಲಿ ಇಡಲಿಲ್ಲ.

ಮಾತ್ರೆಗಳು ಶುರುವಾದವು. ಮುಖ ಊದಿ ಹಂಚಿನ ಮೇಲಿನ ರೊಟ್ಟಿಯಂತಾಯಿತು. ಹಸಿವೆಂದರೆ ಹಸಿವು, ಅತ್ತೆ ಬಡಿದು ಹಾಕಿದ ರೊಟ್ಟಿಯೆಲ್ಲ ಬುಟ್ಟಿಗೆ ಬೀಳುವ ಮುಂಚೆಯೇ ಮುಗಿಯುತ್ತಿತ್ತು. ವಾರಕ್ಕೊಂದರಂತೆ ನಾಲ್ಕು ಸಲ ಕಿವಿಯ ಪರದೆಯೊಳಗೇ ಇಂಜೆಕ್ಷನ್. ಚುಚ್ಚಿದ ಮೇಲೆ ಅರ್ಧ ಗಂಟೆ ಮಗ್ಗುಲಾಗಿ ಮಲಗಬೇಕು, ಮಾತಾಡಬಾರದು, ಉಗುಳು ನುಂಗಬಾರದು. ನನಗೆ ಚುಚ್ಚಿದ್ದಕ್ಕಿಂತ ಆ ಸುಮ್ಮನಿರುವುದೇ ಕಷ್ಟವಾಯಿತು. ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿ ನಿಮಿಷ ಹೇಳುತ್ತಿದ್ದರು, ಸ್ಟಾಪು ಹೇಳಿದ ಹಾಗೆ. "ಹತ್ತಾತು... ಇನ್ನೇನು ಹದಿನೈದು... ಇಳಿಯಾಕ ರೆಡಿ ಆಗು." ನಗು ಬಂದರೆ ಔಷಧ ಚೆಲ್ಲುತ್ತದೆ ಎಂದು ತುಟಿ ಕಚ್ಚಿ ಹಿಡಿಯುತ್ತಿದ್ದೆ.

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಸಮಾಧಾನ. "ಇನ್ನೊಂದು ಐತಲ್ಲವಾ, ದೇವರು ಎರಡು ಯಾಕ ಕೊಟ್ಟಾನ?" ಓಣಿಗೆ ಓಣಿಯೇ ಇದನ್ನೇ ಹೇಳಿತು. ಒಬ್ಬಾಕೆಗೆ ಕೇಳಿದೆ, "ಹಂಗಾದ್ರ ನಿನ್ನ ಎರಡು ಬಂಗಾರದ ಬಳಿಯೊಳಗ ಒಂದು ತಗದು ಕೊಡು ನೋಡೂಣು." ಆಕೆ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ನಮ್ಮವರದು ಇನ್ನೊಂದು ಪರಿ. ಅತ್ತೆ, ಗಂಡ, ರೂಪಾ ಮೂವರೂ ಕೂಗಿ ಮಾತಾಡಲು ಶುರು ಮಾಡಿದರು. ಕಿವುಡಾದದ್ದು ಒಂದು ಕಿವಿ, ಇವರು ಕೂಗಿ ಇನ್ನೊಂದನ್ನೂ ಕಳೆಯುತ್ತಿದ್ದರು. ನಾನು ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ, "ಕೂಗಬ್ಯಾಡ್ರಿ! ಬಲಗಡೆ ಬಂದು ಮನಷ್ಯಾರಂಗ ಮಾತಾಡ್ರಿ!" ಎಂದು ನಾನೇ ಕೂಗಿದೆ.

ಕೂಗಿದ್ದಷ್ಟೇ ಅಲ್ಲ, ನಾನು ಅತ್ತದ್ದೂ ಇದೆ. ಹೌದು, ಅತ್ತಿದ್ದೇನೆ. ಎಲ್ಲರಿಗೂ ಕಾಣುವಂತೆ ಅಲ್ಲ, ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು. ಹಾಡು ಕೇಳಲು ಹೋದಾಗಲೆಲ್ಲ ಅಳು ಬರುತ್ತಿತ್ತು. ಆ ಹೆಣ್ಣುಮಗಳ ದನಿ ಇತ್ತು, ಪಿಯಾನೋದ ಮೇಲಿನ ಬಲಗೈಯ ಸಣ್ಣ ಸ್ವರಗಳಿದ್ದವು. ಎಡಗಡೆಯ ತುದಿಯಲ್ಲಿ ಬರುವ ಎಡಗೈಯ ದಪ್ಪ ಸ್ವರಗಳು ಗೋಡೆಯಾಚೆ ಯಾರೋ ಬೀಸುವ ಕಲ್ಲು ತಿರುಗಿಸಿದಷ್ಟು ಮಾತ್ರ. ಎರಡನೆಯ ಹಾಡಿನಲ್ಲಿ ತಾಯಿ ಚಾಳೀಸು ಹುಡುಕುತ್ತಾಳೆ, ದನಿ ಇಳಿಯುತ್ತದೆ, ನಾನು ಉಸಿರು ಹಿಡಿದು ಕಾಯುತ್ತೇನೆ. ಕೆಮ್ಮು ಬರುವುದೇ ಇಲ್ಲ. ಒಂದು ವರ್ಷ ಬೈದ ಆ ಮನುಷ್ಯ ಸಭೆಯಿಂದ ಎದ್ದೇ ಹೋಗಿದ್ದ. ಯಾವ ಊರಿನವನೋ, ಯಾರೋ, ಅವನಿಗಾಗಿ ಅಳುತ್ತೇನೆಂದು ಯಾರಿಗೆ ಹೇಳಲಿ?

ರೂಪಾ ಫೋನಿನಲ್ಲಿ ಏನೋ ಒತ್ತಿ, "ಚಿಗವ್ವ, ಎರಡೂ ಕಡೇದು ಒಂದ ಕಡೆ ಬರೂಹಂಗ ಮಾಡೇನಿ, ಈಗ ಕೇಳು," ಎಂದಳು. ಕೇಳಿದೆ. ಎಲ್ಲವೂ ಇತ್ತು, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಬಾಯಿ ಹೊಲಿದ ಹಾಗಿತ್ತು. ಎಡವಿಲ್ಲ, ಬಲವಿಲ್ಲ. ಅವನ ಕೆಮ್ಮು ಆಕೆಯ ಬಾಯಿಂದಲೇ ಬಂದಂತೆ ಕೇಳಿಸಿತು. "ತಗದ್ ಹಾಕು," ಎಂದೆ.

ಮೂರನೆಯ ಇಂಜೆಕ್ಷನ್ ಆದ ಮೇಲೆ ಅಂಗಡಿಗೆ ಹೋದೆ. ನಾನಿಲ್ಲದ ದಿನಗಳಲ್ಲಿ ಸಾವಕಾರರು ಕಪಾಟಿನಿಂದ ಮಷೀನು ತೆಗೆದಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮುಖ ನೋಡದೆ ಹೇಳಿದರು, "ಸುನಂದಕ್ಕ, ಆರಿಸೂ ಕಡೆ ಬ್ಯಾಡ. ತೊಟ್ಟು ಬಿಡಸೂರ ಜೋಡಿ ಕುಂದ್ರು. ಅಲ್ಲಿ ಕಿವಿ ಕೆಲಸ ಇಲ್ಲ."

"ನನ್ನ ಪರೀಕ್ಷಾ ಮಾಡ್ರಿ," ಎಂದೆ.

"ಬ್ಯಾಡವಾ..."

"ಮಾಡ್ರಿ ಅಂದೇನಿ."

ಐದು ಚೀಲದಿಂದ ಐದು ಹಿಡಿ ತೆಗೆದು ಮೇಜಿನ ಮೇಲಿಟ್ಟರು. ಅಭ್ಯಾಸದಿಂದ ಎಡಗೈ ಎಡಗಿವಿಗೇ ಹೋಯಿತು, ಸುಯ್ ಎಂಬುದರ ಹೊರತು ಏನೂ ಇಲ್ಲ. ಬಲಗೈಗೆ ತೆಗೆದುಕೊಂಡು ಬಲಗಿವಿಗೆ ಹಿಡಿದೆ. ಹಮಾಲರ ಕೂಗು, ಲಾರಿ, ತಕ್ಕಡಿಯ ಸರಪಳಿ, ಎಲ್ಲ ಒಟ್ಟಿಗೆ ನುಗ್ಗಿದವು. ಯಾವುದು ದೂರ, ಯಾವುದು ಹತ್ತಿರ ಎಂದು ಬೇರ್ಪಡಿಸಲು ಇನ್ನೊಂದು ಕಿವಿ ಇಲ್ಲ. ಎರಡು ಹಿಡಿಗೆ ಸರಿ ಹೇಳಿದೆ, ಮೂರಕ್ಕೆ ತಪ್ಪಿದೆ. ಹದಿನೆಂಟು ವರ್ಷದಲ್ಲಿ ಎಲ್ಲರೆದುರು ತಪ್ಪಿದ್ದು ಅದೇ ಮೊದಲು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನನಗಾಗಿ ಜಾಗ ಬಿಟ್ಟು ಸರಿದು ಕೂತರು. ಆ ಜಾಗಕ್ಕೆ ನಾನು ಬೆನ್ನು ತಿರುಗಿಸಿದೆ. ತೊಟ್ಟು ಬಿಡಿಸುವುದು ಕೀಳು ಕೆಲಸವೆಂದಲ್ಲ, ನಾನು ಶುರು ಮಾಡಿದ್ದೇ ಅಲ್ಲಿ. ಆದರೆ ಯಾರೋ ಕರುಣೆಯಿಂದ ಬಿಟ್ಟ ಜಾಗದಲ್ಲಿ ನಾನು ಕೂರುವವಳಲ್ಲ. ಮನೆಗೆ ಬಂದೆ.

ನಾಲ್ಕನೆಯ ಇಂಜೆಕ್ಷನ್ ಆಗಿ, ಹದಿನೈದು ದಿನ ಕಳೆದು, ಮತ್ತೆ ಆ ಗಾಜಿನ ಡಬ್ಬಿ. ಈ ಸಲ ಸುಳ್ಳು ಒತ್ತಲಿಲ್ಲ. ಡಾಕ್ಟರ್ ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿದರು. ಎರಡರಲ್ಲೂ ಗೆರೆ ಅದೇ ಜಾಗದಲ್ಲಿತ್ತು.

"ಎಡಗಡೆದು ಇನ್ನ ಬರೂದು ಕಷ್ಟ ಐತ್ರಿ ಸುನಂದಾ," ಎಂದರು. ಮೇಜು ಸುತ್ತಿ ನನ್ನ ಬಲಗಡೆ ಬಂದು ಕೂತು ಹೇಳಿದರು. ಅದನ್ನು ನಾನು ಮರೆತಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಗಂಡ ಕಿಟಕಿಯ ಹತ್ತಿರ ಕೂರಿಸಿದರು. ತಾವು ನನ್ನ ಎಡಕ್ಕೆ ಕೂತರು, ಆಮೇಲೆ ನೆನಪಾಗಿ ಎದ್ದು ನಿಂತರು, ಎಲ್ಲಿ ಕೂರಬೇಕೆಂದು ತಿಳಿಯದೆ. ಆ ದೊಡ್ಡ ದೇಹದ ಮನುಷ್ಯ ತನ್ನದೇ ಬಸ್ಸಿನಂಥ ಬಸ್ಸಿನಲ್ಲಿ ಸೀಟು ಗೊತ್ತಾಗದೆ ನಿಂತದ್ದು ನೋಡಿ ನನಗೆ ಭಾರಿ ಸಿಟ್ಟು ಬಂತು. ಅವರ ಮೇಲಲ್ಲ. ಕಿವಿಯ ಮೇಲೆ, ಘಾಟಿನ ಮೇಲೆ, ಹನ್ನೊಂದು ದಿನಗಳ ಮೇಲೆ, ದೇವರ ಮೇಲೆ. "ಕುಂದರ್ರಿ ಸುಮ್ನ," ಎಂದು ಗದರಿ, ಚೀಲದಿಂದ ಇಯರ್‌ಫೋನ್ ಎಳೆದೆ. ತಂತಿ ಗಂಟುಬಿದ್ದಿತ್ತು. ಕೈಗೆ ಸಿಕ್ಕ ತುದಿಯನ್ನು ಬಲಗಿವಿಗೆ ತುರುಕಿದೆ. ಇನ್ನೊಂದು ತುದಿ ತೊಡೆಯ ಮೇಲೆ ಬಿತ್ತು. ಎತ್ತಲು ಹೋಗಲಿಲ್ಲ, ಸತ್ತ ಕಿವಿಗೆ ಯಾಕೆ ಬೇಕು?

ಹಾಡು ಶುರುವಾಯಿತು. ಶುರುವಾದದ್ದು ನನಗೆ ಗೊತ್ತಿದ್ದ ಹಾಡಲ್ಲ. ದಪ್ಪ ಸ್ವರಗಳು ನೆಲದಿಂದ ಎದ್ದು ಬಂದವು, ಒಂದೊಂದೇ, ಎತ್ತಿನ ಹೆಜ್ಜೆಯ ಹಾಗೆ. ಆಕೆಯ ದನಿ ಇತ್ತು, ಸಣ್ಣ ಸ್ವರಗಳು ಮಾತ್ರ ದೂರ ಸರಿದಿದ್ದವು. ಫೋನ್ ಕೆಟ್ಟಿತೇ ಎಂದು ನೋಡಿದೆ. ತೊಡೆಯ ಮೇಲೆ ಬಿದ್ದ ತುದಿಯನ್ನು ತಿರುಗಿಸಿದೆ, ಅದರ ಮೇಲೆ ಬಲಗಡೆಯ ಗುರುತಿತ್ತು. ನನ್ನ ಬಲಗಿವಿಯಲ್ಲಿದ್ದದ್ದು ಎಡದ್ದು.

ಅಷ್ಟು ದಿನ ನನಗೆ ಇದು ಹೊಳೆದಿರಲಿಲ್ಲ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ನೆಟ್ಟಗೆ ಹಾಕಿಕೊಳ್ಳುತ್ತ ಸತ್ತ ಕಿವಿಗೇ ಆಕೆಯ ಎಡಗೈಯನ್ನು ಬಡಿಸುತ್ತಿದ್ದೆ.

ಎಡಗೈಯಲ್ಲಿ ಏನೇನಿತ್ತು ಎಂಬುದು ಎರಡು ಕಿವಿ ಇದ್ದಾಗ ನನಗೆ ಗೊತ್ತೇ ಇರಲಿಲ್ಲ. ಹಾಡು ಹಗುರವಾಗಿ ನಗುತ್ತಿರುವಾಗ ಕೆಳಗೆ ಆ ಕೈ ನಗದೆ ಒಂದೇ ಸ್ವರವನ್ನು ಹಿಡಿದು ಕೂತಿತ್ತು. ಆಕೆ ಕಾಲಿನ ಕೆಳಗೆ ಏನೋ ಒತ್ತುವ ಮೆತ್ತನೆಯ ಸಪ್ಪಳ. ಹಾಡು ಶುರುವಾಗುವ ಮೊದಲು ಆಕೆ ಬಾಯೊಳಗೇ "ಒಂದ್, ಎರಡ್" ಎಂದು ಎಣಿಸಿಕೊಳ್ಳುತ್ತಿದ್ದಳು. ಎರಡನೆಯ ಹಾಡು ಬಂತು. ತಾಯಿ ಚಾಳೀಸು ಹುಡುಕಿದಳು. ದನಿ ಇಳಿಯಿತು.

ಕೆಮ್ಮಿದ! ಒಂದು, ಎರಡು, ಮೂರು. "ಶ್." ಆಮೇಲೆ ಆ ಸಣ್ಣದು.

ನಾನು ಬಸ್ಸಿನಲ್ಲಿ ಜೋರಾಗಿ ನಕ್ಕೆನಂತೆ. ಮುಂದಿನ ಸೀಟಿನವರು ತಿರುಗಿ ನೋಡಿದರಂತೆ. ಗಂಡ ಹೆದರಿ, "ಏನಾತು? ಯಾಕ ನಗಾಕತ್ತಿ?" ಎಂದರು.

"ಬಂದಾನ್ರಿ," ಎಂದೆ. ಕಣ್ಣಿಂದ ಧಾರಾಕಾರ ಇಳಿಯುತ್ತಿತ್ತು. ಅಂದು ಅದಕ್ಕೆ ಘಾಟು ಎನ್ನಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಯಾರನ್ನೂ ಕೇಳದೆ ನನ್ನ ಸ್ಟೂಲನ್ನು ಎತ್ತಿ ಮೇಜಿನ ಆಚೆ ಬದಿಗಿಟ್ಟೆ, ಬೀದಿಯ ಸಪ್ಪಳಕ್ಕೆ ಸತ್ತ ಕಿವಿ, ಗೋಡೆಗೆ ಜೀವಂತ ಕಿವಿ ಬರುವಂತೆ. ಹಮಾಲರು ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ಆ ಕಡೆ ಈಗ ನನಗೆ ಬಾಗಿಲು ಹಾಕಿದೆ. ಬಲಗೈಯಲ್ಲಿ ಅಲ್ಲಾಡಿಸುವುದು, ಎಡಗೈಯಲ್ಲಿ ಆರಿಸುವುದು. ಎಡಗೈ ಮೊದಮೊದಲು ಸೊಟ್ಟ ಸೊಟ್ಟ ಹೋಯಿತು, ಒಂದನೆ ದರ್ಜೆಯ ಕಾಯಿಯನ್ನು ಮೂರನೆಯ ಗುಡ್ಡೆಗೆ ಹಾಕಿತು. ಅದನ್ನು ಬೈದೆ, ಚಿಕ್ಕ ಮಗುವಿಗೆ ತಿದ್ದಿದ ಹಾಗೆ ತಿದ್ದಿದೆ. ಸಾವಕಾರರು ನೋಡಿಯೂ ನೋಡದಂತೆ ಇದ್ದರು. "ಸಂಬಳ ಬ್ಯಾಡ್ರಿ, ಬರೇ ಜಾಗ ಬೇಕು," ಎಂದಿದ್ದೆ. ಇಪ್ಪತ್ತು ದಿನ ಹಾಗೆ ಕೂತೆ.

ಇಪ್ಪತ್ತೊಂದನೆಯ ದಿನ, "ಸಾವಕಾರ್ರ, ಐದು ಹಿಡಿ ಇಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಇಟ್ಟರು. ಮೊದಲ ಮೂರು ಸುಲಭ. ನಾಲ್ಕನೆಯದಕ್ಕೆ ತೇವ ಎಂದೆ, ಮಷೀನೂ ಹಾಗೇ ಹೇಳಿತು. ಐದನೆಯದು ಅಲ್ಲಾಡಿಸಿ ಅದಕ್ಕೂ ತೇವ ಎಂದೆ. ಮಷೀನು ಆರಿದೆ ಎಂದಿತು. ತೊಟ್ಟು ಬಿಡಿಸುವವರು ಕೈ ನಿಲ್ಲಿಸಿ ನೋಡಿದರು. ನನ್ನ ಎದೆ ಹೊಡೆದುಕೊಂಡದ್ದು ಸತ್ತ ಕಿವಿಗೂ ಕೇಳುವಷ್ಟಿತ್ತು.

"ಒಡದ ನೋಡ್ರಿ," ಎಂದೆ.

ಸಾವಕಾರರು ಒಂದೊಂದೇ ಕಾಯಿ ಮುರಿದರು. ಮಷೀನು ಮುಟ್ಟಿದ್ದ ಮೇಲಿನವೆರಡು ಕಟಕ್ಕೆಂದವು. ಮೂರನೆಯದು ಚರ್ಮದ ಹಾಗೆ ಬಗ್ಗಿತು, ಬೀಜ ಒಳಗೇ ಅಂಟಿಕೊಂಡಿದ್ದವು. ನಾಲ್ಕನೆಯದೂ ಹಾಗೇ. ಅವರು ಕೈ ಒರೆಸಿಕೊಂಡರು. ಮಷೀನನ್ನು ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟರು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನನಗಾಗಿ ಬಿಟ್ಟಿದ್ದ ಜಾಗಕ್ಕೆ ಸರಿದು ಕೂತು ಕೆಲಸ ಮುಂದುವರಿಸಿದರು.

ಈಗಲೂ ಕಿವಿಯೊಳಗೆ ಕುಕ್ಕರ್ ಸುಯ್ ಎನ್ನುತ್ತದೆ. ಜಾತ್ರೆ, ಮದುವೆ ಎಂದರೆ ತಲೆ ಸಿಡಿಯುತ್ತದೆ. ಎಡಗಡೆಯಿಂದ ಕರೆದವರಿಗೆ ನಾನು ಸೊಕ್ಕಿನಾಕಿ, ಗಿರಣಿ ಅಜ್ಜ ಹೇಳಿದ ಹಾಗೇ ಆಯಿತು. ನಾನೂ ತಿದ್ದಲು ಹೋಗಿಲ್ಲ. ನಿಮಗೆ ಒಂದು ಮಾತು ಮಾತ್ರ ಹೇಳುತ್ತೇನೆ, ಇದಕ್ಕೇ ಇಷ್ಟೆಲ್ಲ ಬರೆದದ್ದು: ಕಿವಿ ಒಮ್ಮೆಗೇ ಮುಚ್ಚಿಕೊಂಡರೆ ಅದೇ ದಿನ ಹೋಗಿ ತೋರಿಸಿ. ನಕ್ಕರೆ ನಗಲಿ. ಹೋದ ಮೇಲೆ ಬರದಿದ್ದರೆ, ಉಳಿದದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ನಿಮಗೆ ಬೇಕಾದ ಕಡೆ ತಿರುಗಿಸಿಕೊಳ್ಳಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸಂತೆ ಸೋಮವಾರ ಮತ್ತು ಗುರುವಾರ. ಸೋಮವಾರ ಬಸ್ಸಿನಲ್ಲಿ ಆಕೆಯ ಬಲಗೈ ಕೇಳುತ್ತೇನೆ, ಗುರುವಾರ ತುದಿ ಬದಲಿಸಿ ಎಡಗೈ ಕೇಳುತ್ತೇನೆ. ಎರಡು ಕಿವಿ ಇದ್ದವರಿಗೆ ಒಂದೇ ಕಾರ್ಯಕ್ರಮ, ನನಗೆ ಎರಡು.

ಮೊನ್ನೆ ರೂಪಾ ಕಾಲೇಜಿನಿಂದ ಬಂದವಳು ನನ್ನ ಬಲಗಡೆ ಕೂತು, ಫೋನು ಚಾಚಿದಳು. ಮುಖದಲ್ಲಿ ಏನೋ ಉಡುಗೊರೆ ತಂದವಳ ನಗು.

"ಚಿಗವ್ವ, ಆ ಆ್ಯಪ್ ಕಡೀಗೂ ಕಲ್ತೇನಿ. ಆ ಕೆಮ್ಮೂ ಮನಷ್ಯಾನ್ನ ತಗದು ಕೊಡ್ಲಿ?"

ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಅವನ್ನ ಮುಟ್ಟಿ ನೋಡು, ಕೈ ಮುರಿತೇನಿ. ಕೆಮ್ಮಲಿ ಅಂವ, ಎಷ್ಟ ಬೇಕಾದ್ರೂ ಕೆಮ್ಮಲಿ."